ಒಂದೇ ದಾರಿ, ಮೂರು ನಡಿಗೆ: ಗೋವಿನ ಹಾಡಿನಿಂದ ನೃತ್ಯ ಸಂಯೋಜನೆಯ ಪಾಠ

ನವೆಂಬರ್ ಹತ್ತಿರ ಬಂತು ಅಂದ್ರೆ ಇಂಜಿನಿಯರಿಂಗ್ ಕಾಲೇಜುಗಳ ಕನ್ನಡ ಬಳಗಗಳಲ್ಲಿ ಎರಡು ಪ್ರಶ್ನೆ ಏಳುತ್ತವೆ. ಒಂದು, "ಈ ಸಲ ಡ್ಯಾನ್ಸ್ ಯಾವ ಹಾಡಿಗೆ?" ಇನ್ನೊಂದು, "ಡ್ಯಾನ್ಸ್ ಬರೋರು ಯಾರ್ಯಾರು ಇದ್ದೀರ?" ಎರಡಕ್ಕೂ ಉತ್ತರ ಸಿಕ್ಕ ಕೂಡಲೇ ಅರ್ಧ ಕೆಲಸ ಮುಗೀತು ಅಂತ ಅಂದುಕೊಳ್ತೇವೆ. ಯೂಟ್ಯೂಬ್‌ನಲ್ಲಿ ಒಂದು ವಿಡಿಯೋ ಹುಡುಕಿ, ಅರ್ಧ ವೇಗದಲ್ಲಿ ಓಡಿಸಿ, ಎಂಟೆಂಟು ಎಣಿಕೆ ಬಾಯಿಪಾಠ ಮಾಡಿ ವೇದಿಕೆ ಹತ್ತುತ್ತೇವೆ. ಚಪ್ಪಾಳೆಯೂ ಬರುತ್ತೆ. ಆದರೆ ಆ ಕುಣಿತದಲ್ಲಿ ನಾವಾಗಿ ತೀರ್ಮಾನ ಮಾಡಿದ್ದು ಏನು ಅಂತ ಕೇಳಿಕೊಂಡರೆ, ಬಟ್ಟೆಯ ಬಣ್ಣ ಬಿಟ್ಟು ಬೇರೇನೂ ನೆನಪಿಗೆ ಬರೋದಿಲ್ಲ. "ನನಗೆ ಡ್ಯಾನ್ಸ್ ಬರಲ್ಲ" ಅಂದವರು ಅಷ್ಟು ಹೊತ್ತಿಗೆ ಕುರ್ಚಿ ಜೋಡಿಸೋಕೆ, ಪರದೆ ಎಳೆಯೋಕೆ ಹೋಗಿರ್ತಾರೆ.

ಈ ಲೇಖನದಲ್ಲಿ ಬೇರೆ ದಾರಿಯೊಂದನ್ನು ನೋಡೋಣ. ಸಾಹಿತ್ಯ, ಶಿಲ್ಪ, ಚಿತ್ರ ಮತ್ತು ಸಣ್ಣಸಣ್ಣ ದೇಹದ ಆಟಗಳ ಮೂಲಕ ನೃತ್ಯವನ್ನು ನಾವೇ ಕಟ್ಟುವುದು ಹೇಗೆ? ಐದು ಸಂಜೆ, ದಿನಕ್ಕೆ ಒಂದೂವರೆ ಗಂಟೆ, ಎಂಟರಿಂದ ಹನ್ನೆರಡು ಜನ, ಕುರ್ಚಿ ಸರಿಸಿದ ಒಂದು ಸೆಮಿನಾರ್ ಹಾಲ್. ಇಷ್ಟಿದ್ದರೆ ಸಾಕು. ಪಠ್ಯವಾಗಿ ಗೋವಿನ ಹಾಡನ್ನು ಆರಿಸಿಕೊಂಡಿದ್ದೇವೆ. ಪುಣ್ಯಕೋಟಿಯ ಕತೆ ಎಲ್ಲರಿಗೂ ಗೊತ್ತಿರೋದರಿಂದ ಕತೆ ವಿವರಿಸೋಕೆ ಸಮಯ ಹಾಳಾಗಲ್ಲ, ನೇರವಾಗಿ ಕೆಲಸಕ್ಕೆ ಇಳಿಯಬಹುದು.

ಕೊರಿಯೋಗ್ರಫಿ ಅಂದ್ರೆ ಏನು?

ಈ ಪದದ ಮೂಲ ಗ್ರೀಕ್ ಭಾಷೆಯದು. ಅರ್ಥ ಸರಳ: ಕುಣಿತವನ್ನು ಬರೆಯೋದು. ಫ್ರಾನ್ಸಿನ ರೌಲ್ ಓಜೆ ಫಯೆ 1700ರಲ್ಲಿ ಇದೇ ಹೆಸರಿನ ಪುಸ್ತಕ ಪ್ರಕಟಿಸಿದ. ನರ್ತಕರು ನೆಲದ ಮೇಲೆ ಸಾಗುವ ದಾರಿಯನ್ನು ಗೆರೆಗಳಲ್ಲಿ, ಹೆಜ್ಜೆಗಳನ್ನು ಚಿಹ್ನೆಗಳಲ್ಲಿ ಬರೆಯುವ ಕ್ರಮ ಅದರಲ್ಲಿದೆ. ಆ ಪುಟಗಳು ನಮ್ಮ ಕಣ್ಣಿಗೆ ರಂಗೋಲಿಯ ಹಾಗೆ ಕಾಣುತ್ತವೆ. ಇವತ್ತು ಕೊರಿಯೋಗ್ರಫಿ ಅಂದರೆ ನೃತ್ಯವನ್ನು ಸಂಯೋಜಿಸುವ ಕೆಲಸ: ಯಾರು, ಎಲ್ಲಿಂದ, ಯಾವಾಗ, ಎಷ್ಟು ಬಲದಿಂದ, ಯಾಕೆ ಚಲಿಸುತ್ತಾರೆ ಎಂದು ತೀರ್ಮಾನಿಸೋದು.

ಈ ಪಟ್ಟಿಯಲ್ಲಿ "ಯಾಕೆ" ಅನ್ನೋದಕ್ಕೆ ಉತ್ತರ ಕೊಡೋದು ಸಾಹಿತ್ಯ. ನಮ್ಮ ನಾಡಿನ ಕಲೆಗಳಲ್ಲಿ ಇದು ಹೊಸದೇನಲ್ಲ. ಯಕ್ಷಗಾನದಲ್ಲಿ ಭಾಗವತರು ಪದ್ಯ ಹಾಡುತ್ತಾರೆ, ಕಲಾವಿದರು ಅದಕ್ಕೆ ಕುಣಿದು ಆಮೇಲೆ ಅರ್ಥ ಹೇಳುತ್ತಾರೆ. ಅಂದರೆ ಒಂದೇ ಪದ್ಯ ಹಾಡಾಗಿ, ಹೆಜ್ಜೆಯಾಗಿ, ಮಾತಾಗಿ ಮೂರು ಸಲ ನಮ್ಮ ಮುಂದೆ ಬರುತ್ತೆ. ಭರತನಾಟ್ಯದ ಸಂಚಾರಿಯಲ್ಲಿ ಹಾಡಿನ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ, ನರ್ತಕಿ ಪ್ರತಿ ಸಲವೂ ಅದರ ಬೇರೊಂದು ಮುಖ ತೋರಿಸುತ್ತಾಳೆ. ಶಿವರಾಮ ಕಾರಂತರು ಯಕ್ಷಗಾನವನ್ನು ಬ್ಯಾಲೆ ರೂಪಕ್ಕೆ ತಂದಾಗ ಮಾತನ್ನು ಹಿಂದಕ್ಕೆ ಸರಿಸಿ, ಹಾಡು ಮತ್ತು ಕುಣಿತದ ಮೇಲೆ ಭಾರ ಹಾಕಿದರು. ಪುತ್ತೂರಿನ ಬಾಲವನದಲ್ಲಿ ಮಕ್ಕಳ ಜೊತೆಗೂ ನಾಟಕ, ಕುಣಿತಗಳ ಪ್ರಯೋಗ ಮಾಡಿದರು. ಕಥಕ್ ಕಲಾವಿದೆ ಮಾಯಾ ರಾವ್ ಸೋವಿಯತ್ ರಷ್ಯಾದಲ್ಲಿ ಕೊರಿಯೋಗ್ರಫಿ ಓದಿ ಬಂದು, ಅದನ್ನು ಒಂದು ಪಠ್ಯವಿಷಯವಾಗಿ ಬೆಂಗಳೂರಿನಲ್ಲಿ ಕಲಿಸಿದರು. ಆದ್ದರಿಂದ ಸಂಯೋಜನೆ ಅನ್ನೋದು ಹುಟ್ಟಿನಿಂದಲೇ ಬರಬೇಕಾದ ವರ ಅಂತ ಭಾವಿಸಬೇಕಿಲ್ಲ. ಅದನ್ನು ಕಲಿಸಬಹುದು, ಕಲಿಯಬಹುದು.

ಮೊದಲ ಸಂಜೆ: ಕ್ರಿಯಾಪದ ಹುಡುಕೋದು

ಹತ್ತು ನಿಮಿಷ ಪಾದದ ಗಂಟು, ಮೊಣಕಾಲು, ಸೊಂಟ, ಭುಜ, ಕುತ್ತಿಗೆ ಸಡಿಲ ಮಾಡಿಕೊಳ್ಳೋಣ. ಬರಿಗಾಲು ಒಳ್ಳೇದು, ಸಾಕ್ಸ್ ಹಾಕಿಕೊಂಡರೆ ಜಾರುತ್ತೆ. ಟೈಲ್ಸ್ ನೆಲದ ಮೇಲೆ ಜಿಗಿತ ಬೇಡ, ಮೊಣಕಾಲಿಗೆ ಪೆಟ್ಟು.

ಆಮೇಲೆ ಎಲ್ಲರೂ ವೃತ್ತದಲ್ಲಿ ಕೂತು ಗೋವಿನ ಹಾಡನ್ನು ಜೋರಾಗಿ ಓದಬೇಕು. ಒಬ್ಬೊಬ್ಬರು ಒಂದೊಂದು ನುಡಿ. ಎರಡನೇ ಸಲ ಓದುವಾಗ ಕೈಯಲ್ಲಿ ಪೆನ್ಸಿಲ್ ಇರಲಿ. ಕ್ರಿಯಾಪದಗಳಿಗೆ ಮಾತ್ರ ಅಡಿಗೆರೆ ಹಾಕಿ. ಗೊಲ್ಲ ಕರೆಯುತ್ತಾನೆ, ಹಸುಗಳು ಬರುತ್ತವೆ, ಹುಲಿ ಅಡ್ಡಗಟ್ಟುತ್ತದೆ, ಹಸು ಬೇಡುತ್ತದೆ, ಕರು ಹಾಲು ಕುಡಿಯುತ್ತದೆ, ತಾಯಿ ಒಪ್ಪಿಸಿ ಹೋಗುತ್ತಾಳೆ. ಹೀಗೆ ಪಟ್ಟಿ ಬೆಳೆಯುತ್ತೆ. ಪಕ್ಕದಲ್ಲೇ ಇನ್ನೊಂದು ಪಟ್ಟಿ ಮಾಡಿ: ಸತ್ಯ, ಮಮತೆ, ಭಯ, ಪಶ್ಚಾತ್ತಾಪ.

ಈಗ ಇಬ್ಬಿಬ್ಬರು ಎದ್ದು ಎರಡನೇ ಪಟ್ಟಿಯಿಂದ ಒಂದು ಪದ ಆರಿಸಿ ಮೈಯಲ್ಲಿ ತೋರಿಸಲಿ. "ಸತ್ಯ" ಅಂದಾಗ ಹೆಚ್ಚಿನವರು ಎದೆಗೆ ಕೈ ಇಡ್ತಾರೆ, ಇಲ್ಲವೇ ಮೇಲಕ್ಕೆ ನೋಡ್ತಾರೆ. "ಭಯ" ಅಂದರೆ ಮುಖ ಮುಚ್ಚಿಕೊಳ್ತಾರೆ. ಒಂದು ಕ್ಷಣಕ್ಕೆ ಅದು ಮುಗಿದೇ ಹೋಗುತ್ತೆ, ಮುಂದೆ ಹೋಗೋಕೆ ದಾರಿ ಇರಲ್ಲ. ಮೊದಲ ಪಟ್ಟಿಯ "ಅಡ್ಡಗಟ್ಟು" ಅಥವಾ "ಒಪ್ಪಿಸು" ತೆಗೆದುಕೊಂಡರೆ ತಕ್ಷಣ ಪ್ರಶ್ನೆಗಳು ಏಳ್ತವೆ. ಯಾರನ್ನು? ಯಾವ ಕಡೆಯಿಂದ? ಹತ್ತಿರ ಬಂದೋ, ದೂರದಿಂದಲೋ? ನಾಮಪದ ನಮ್ಮನ್ನು ಭಂಗಿಯಲ್ಲಿ ನಿಲ್ಲಿಸುತ್ತೆ, ಕ್ರಿಯಾಪದ ನಡೆಸುತ್ತೆ. ಪುಣ್ಯಕೋಟಿಯ ಸತ್ಯವನ್ನು ಯಾರೂ ಕುಣಿಯೋಕಾಗಲ್ಲ. ಅವಳು ವಾಪಸ್ ಹೋದದ್ದನ್ನು ಕುಣಿಯಬಹುದು. ಮುಂದಿನ ನಾಲ್ಕು ಸಂಜೆಗಳೂ ಈ ಮಾತಿನ ಮೇಲೇ ನಿಂತಿವೆ.

ಮನೆಗೆಲಸ: ನಿಮಗೆ ಇಷ್ಟವಾದ ಬೇರೆ ಯಾವುದಾದರೂ ಕನ್ನಡ ಪದ್ಯ ತೆಗೆದುಕೊಂಡು ಹತ್ತು ಕ್ರಿಯಾಪದ ಬರೆದು ತನ್ನಿ.

ಎರಡನೇ ಸಂಜೆ: ಮೂರು ಬಿಟ್, ಎಂಟು ಚಲನೆ

ಈ ಸಂಜೆಯ ಗುರು ರುಡಾಲ್ಫ್ ಲಾಬಾನ್ (1879–1958). ಯುವಕನಾಗಿದ್ದಾಗ ಪ್ಯಾರಿಸ್‌ನಲ್ಲಿ ವಾಸ್ತುಶಿಲ್ಪ ಓದಿದವನು. 1928ರಲ್ಲಿ ಚಲನೆಯನ್ನು ಬರೆದಿಡುವ ಒಂದು ಲಿಪಿ ಪ್ರಕಟಿಸಿದ, ಲಾಬಾನೋಟೇಷನ್ ಎಂಬ ಹೆಸರಿನಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ನಾಟ್ಸಿಗಳ ಕಾಲದಲ್ಲಿ ಜರ್ಮನಿ ಬಿಟ್ಟು 1938ರಲ್ಲಿ ಇಂಗ್ಲೆಂಡ್ ಸೇರಿದ. ಅಲ್ಲಿ ಎಫ್. ಸಿ. ಲಾರೆನ್ಸ್ ಎಂಬ ಕೈಗಾರಿಕಾ ಸಲಹೆಗಾರನ ಜೊತೆ ಕಾರ್ಖಾನೆ ಕೆಲಸಗಾರರ ಚಲನೆಗಳನ್ನು ಅಧ್ಯಯನ ಮಾಡಿದ. ಇಬ್ಬರೂ ಸೇರಿ ಬರೆದ ಪುಸ್ತಕ 1947ರಲ್ಲಿ ಬಂತು. ಮರುವರ್ಷವೇ ಶಾಲೆಗಳಲ್ಲಿ ನೃತ್ಯ ಕಲಿಸುವ ಬಗ್ಗೆ ಅವನ ಇನ್ನೊಂದು ಪುಸ್ತಕ ಬಂತು. ಕಾರ್ಖಾನೆಯ ಕೈಗೂ ಕುಣಿಯುವ ಕೈಗೂ ಒಂದೇ ಲೆಕ್ಕ ಅನ್ವಯಿಸುತ್ತೆ ಅಂತ ಕಂಡವನು ಅವನು. ನಮ್ಮಂಥ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದ ಗುರು.

ಲಾಬಾನ್ ಕೇಳುವ ಪ್ರಶ್ನೆ ಮೂರು. ಬಲ: ಗಟ್ಟಿಯೋ, ಹಗುರವೋ? ಕಾಲ: ಥಟ್ಟನೆಯೋ, ನಿಧಾನವೋ? ದಿಕ್ಕು: ನೇರವೋ, ಸುತ್ತುಬಳಸೋ? ಒಂದೊಂದಕ್ಕೂ ಎರಡು ಉತ್ತರ. ಎರಡರ ಘನ ಎಂಟು. ಆ ಎಂಟಕ್ಕೂ ನಮ್ಮ ದಿನನಿತ್ಯದ ಕ್ರಿಯಾಪದಗಳೇ ಸಿಗುತ್ತವೆ:

1. ಗುದ್ದು: ಗಟ್ಟಿ, ಥಟ್ಟನೆ, ನೇರ.
2. ಬೀಸು: ಗಟ್ಟಿ, ಥಟ್ಟನೆ, ಬಳಸು. ಮಚ್ಚು ಬೀಸಿ ಪೊದೆ ಸವರೋ ಹಾಗೆ.
3. ಒತ್ತು: ಗಟ್ಟಿ, ನಿಧಾನ, ನೇರ. ಕೆಟ್ಟು ನಿಂತ ಕಾರನ್ನು ತಳ್ಳೋ ಹಾಗೆ.
4. ಹಿಂಡು: ಗಟ್ಟಿ, ನಿಧಾನ, ಬಳಸು. ಒದ್ದೆ ಬೆಡ್‌ಶೀಟ್ ಹಿಂಡೋ ಹಾಗೆ.
5. ತಟ್ಟು: ಹಗುರ, ಥಟ್ಟನೆ, ನೇರ. ಫೋನ್ ಪರದೆ ಮೇಲೆ ಬೆರಳು ತಟ್ಟೋ ಹಾಗೆ.
6. ಕೊಡವು: ಹಗುರ, ಥಟ್ಟನೆ, ಬಳಸು. ಕೈ ತೊಳೆದು ನೀರು ಕೊಡವೋ ಹಾಗೆ.
7. ಸವರು: ಹಗುರ, ನಿಧಾನ, ನೇರ. ಇಸ್ತ್ರಿ ಮಾಡಿದ ಬಟ್ಟೆ ಮೇಲೆ ಅಂಗೈ ಎಳೆಯೋ ಹಾಗೆ.
8. ತೇಲು: ಹಗುರ, ನಿಧಾನ, ಬಳಸು. ಗಾಳಿಯಲ್ಲಿ ಬೂರುಗದ ಹತ್ತಿ ಹೋಗೋ ಹಾಗೆ.

ಆಟ ಹೀಗೆ: ಒಬ್ಬರು ಅಂಕಿ ಕೂಗಬೇಕು, ಉಳಿದವರು ಆ ಕ್ರಿಯೆ ಮಾಡಬೇಕು. ಮೊದಲು ಕೈಯಲ್ಲಿ, ಆಮೇಲೆ ಭುಜದಲ್ಲಿ, ಬೆನ್ನಲ್ಲಿ, ಪಾದದಲ್ಲಿ. ಬೆನ್ನಿನಿಂದ "ತಟ್ಟು" ಮಾಡೋಕೆ ಹೋದಾಗ ನಗು ಬರುತ್ತೆ, ಬರಲಿ. ಆ ನಗುವಲ್ಲೇ ಸಂಕೋಚ ಹೋಗುತ್ತೆ. ಇಲ್ಲಿ ಯಾರಿಗೂ ಹೆಜ್ಜೆ ಗೊತ್ತಿರಬೇಕಿಲ್ಲ. ಬಟ್ಟೆ ಹಿಂಡೋಕೆ ಬರುವವರಿಗೆಲ್ಲ ಈ ಪಾಠ ಬರುತ್ತೆ.

ಕೊನೆಯ ಅರ್ಧ ಗಂಟೆ ಪಾತ್ರಗಳಿಗೆ ಅಂಕಿ ಹಂಚೋಣ. ಹುಲಿಗೆ 1 ಮತ್ತು 2. ಕರುವಿಗೆ 5 ಮತ್ತು 6. ಪುಣ್ಯಕೋಟಿಗೆ? ಇಲ್ಲಿ ಗುಂಪಿನಲ್ಲಿ ಜಗಳ ಆಗಲೇಬೇಕು. ಸಾಧು ಹಸು ಅಲ್ವಾ, 7 ಇರಲಿ ಅಂತ ಕೆಲವರು. ಹುಲಿಯ ಎದುರು ನಿಂತವಳಿಗೆ ಹಗುರ ಹೇಗೆ ಹೊಂದುತ್ತೆ ಅಂತ ಇನ್ನು ಕೆಲವರು. ಉತ್ತರ ಇವತ್ತೇ ಬೇಡ.

ಮೂರನೇ ಸಂಜೆ: ಕಲ್ಲಿನಿಂದ ಒಂದು ಕ್ಷಣ

ಸಾಹಿತ್ಯದಲ್ಲಿ ಕ್ರಿಯೆ ಕಾಲದುದ್ದಕ್ಕೂ ಹರಿಯುತ್ತೆ. ಶಿಲ್ಪದಲ್ಲಿ ಒಂದೇ ಕ್ಷಣ ಇರುತ್ತೆ. ಆ ಕ್ಷಣದ ಆರಿಸುವಿಕೆಯೇ ಶಿಲ್ಪಿಯ ಸಂಯೋಜನೆ. ಬೇಲೂರಿನ ಚೆನ್ನಕೇಶವ ದೇವಾಲಯ ಹೊಯ್ಸಳ ವಿಷ್ಣುವರ್ಧನನ ಕಾಲದ್ದು, 1117ರಲ್ಲಿ ಪ್ರತಿಷ್ಠೆಯಾದದ್ದು. ಅಲ್ಲಿನ ಮದನಿಕೆಯರ ಚಿತ್ರಗಳನ್ನು ಪ್ರೊಜೆಕ್ಟರ್‌ನಲ್ಲಿ ಹಾಕೋಣ. ದರ್ಪಣ ಸುಂದರಿಯನ್ನು ಗಮನಿಸಿ. ತಲೆ ಒಂದು ಕಡೆ, ಮುಂಡ ಇನ್ನೊಂದು ಕಡೆ, ಸೊಂಟ ಮತ್ತೆ ಮೊದಲ ಕಡೆ. ಇದಕ್ಕೆ ತ್ರಿಭಂಗ ಅಂತ ಹೆಸರು. ಭಾರವೆಲ್ಲ ಒಂದೇ ಕಾಲಿನ ಮೇಲೆ ಬಿದ್ದಿದೆ, ಇನ್ನೊಂದು ಕಾಲು ಬಿಡುವಾಗಿದೆ. ನಾವೇ ಹಾಗೆ ನಿಂತು ನೋಡಿದರೆ ಗುರುತ್ವಕೇಂದ್ರ ಎಲ್ಲಿದೆ ಅಂತ ಹಿಮ್ಮಡಿಗೆ ತಿಳಿಯುತ್ತೆ.

ಅಭ್ಯಾಸ ಇದು. ಆ ಭಂಗಿಯಲ್ಲಿ ನಿಲ್ಲಿ. ಇದಕ್ಕಿಂತ ಒಂದು ಸೆಕೆಂಡ್ ಮುಂಚೆ ಅವಳು ಹೇಗಿದ್ದಳು? ಒಂದು ಸೆಕೆಂಡ್ ಆದಮೇಲೆ ಹೇಗಿರುತ್ತಾಳೆ? ಮುಂಚೆ, ಈಗ, ಆಮೇಲೆ. ಮೂರನ್ನೂ ಜೋಡಿಸಿದರೆ ಒಂದು ಚಿಕ್ಕ ಚಲನೆ ಸಿಕ್ಕಿತು. ಕನ್ನಡಿಗೆ ಕೈ ಚಾಚಿದಳೋ, ಕನ್ನಡಿ ಕೆಳಗಿಟ್ಟಳೋ ಅನ್ನೋದು ನಿಮ್ಮ ತೀರ್ಮಾನ. ಹತ್ತು ಜನ ಮಾಡಿದರೆ ಹತ್ತು ಬೇರೆ ಚಲನೆ ಬರುತ್ತೆ, ಭಂಗಿ ಮಾತ್ರ ಒಂದೇ.

ಮುಂದಿನ ಚಿತ್ರ ಬಾದಾಮಿಯ ಒಂದನೇ ಗುಹೆಯ ನಟರಾಜ, 6ನೇ ಶತಮಾನದ್ದು, ಹದಿನೆಂಟು ಕೈ. ಎರಡೆರಡು ಕೈಯನ್ನು ಒಂದು ಜೋಡಿ ಅಂತ ತೆಗೆದುಕೊಂಡು, ಒಂಬತ್ತು ಜನ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತು ಆ ಜೋಡಿಗಳನ್ನು ಹಿಡಿಯೋಣ. ಒಂದೇ ಮೈಗೆ ಹದಿನೆಂಟು ಕೈ ಬಂದಂತೆ ಕಾಣುತ್ತೆ. ಆಮೇಲೆ ಒಂದೊಂದು ಜೋಡಿಯನ್ನು ಒಂದೊಂದು ಎಣಿಕೆಗೆ ತೆರೆದು ಮುಚ್ಚಿ ನೋಡಿ, ಕಲ್ಲಿನ ಚಿತ್ರ ಸಿನಿಮಾದ ಫ್ರೇಮುಗಳಂತೆ ಓಡುತ್ತೆ.

ಈಗ ಗೋವಿನ ಹಾಡಿಗೆ ಬನ್ನಿ. ಇಡೀ ಕತೆಯನ್ನು ಐದೇ ಶಿಲ್ಪಗಳಲ್ಲಿ ಹೇಳಬೇಕು ಅಂದರೆ ಯಾವ ಐದು ಕ್ಷಣ? ಮೂರು ತಂಡ ಮಾಡಿ, ಪ್ರತಿ ತಂಡವೂ ತನ್ನ ಐದನ್ನು ನಿಂತು ತೋರಿಸಲಿ. ಹೋಲಿಸಿದಾಗ ಯಾವ ಕ್ಷಣ ಎಲ್ಲರ ಪಟ್ಟಿಯಲ್ಲೂ ಇದೆ, ಯಾವುದು ಯಾರ ಪಟ್ಟಿಯಲ್ಲೂ ಇಲ್ಲ ಅಂತ ಗೊತ್ತಾಗುತ್ತೆ. ಹುಲಿ ಮೇಲೆ ಬಿದ್ದದ್ದನ್ನು ಎಲ್ಲರೂ ಆರಿಸ್ತಾರೆ. ಹುಲಿ ಕಾಯುತ್ತಾ ಕೂತದ್ದನ್ನು ಆರಿಸುವವರು ಕಡಿಮೆ. ಆದರೆ ಹಸಿದ ಹೊಟ್ಟೆಯಲ್ಲಿ ಕಾದಿದ್ದೂ ಒಂದು ಕ್ರಿಯೆಯೇ. ಅದನ್ನು ಪಟ್ಟಿಗೆ ಸೇರಿಸೋಣ.

ನಾಲ್ಕನೇ ಸಂಜೆ: ಮೂರು ನಡಿಗೆ

ಮೊದಲು ಲಯ. ಗೋವಿನ ಹಾಡನ್ನು ಓದುವಾಗ ಮಾತ್ರೆಗಳು ಮೂರು, ನಾಲ್ಕು, ಮೂರು, ನಾಲ್ಕು ಅಂತ ಸಾಗುತ್ತವೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯದೂ ಇದೇ ಮೂರು-ನಾಲ್ಕರ ನಡೆ. ಒಟ್ಟು ಏಳು. ಸಿನಿಮಾ ಡ್ಯಾನ್ಸಿನ ಎಂಟರ ಎಣಿಕೆಗೆ ಒಗ್ಗಿದ ಕಾಲಿಗೆ ಇದು ಮೊದಲು ತೊಡರುತ್ತೆ. ಒಂದರ ಮೇಲೂ ನಾಲ್ಕರ ಮೇಲೂ ಚಪ್ಪಾಳೆ ತಟ್ಟುತ್ತಾ ನಡೆಯಿರಿ. ಏಳು ಬೆಸ ಸಂಖ್ಯೆ. ಹಾಗಾಗಿ ಮೊದಲ ಆವರ್ತ ಬಲಗಾಲಿನಲ್ಲಿ ಶುರುವಾದರೆ ಮುಂದಿನದು ಎಡಗಾಲಿನಲ್ಲಿ ಶುರುವಾಗುತ್ತೆ. ಎರಡು ಆವರ್ತಕ್ಕೊಮ್ಮೆ ಕಾಲು ಮತ್ತೆ ಮೊದಲಿನ ಜಾಗಕ್ಕೆ ಬರುತ್ತೆ.

ಇನ್ನು ದಾರಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಚುಕ್ಕಿ ಇಡೋಣ. ಒಂದು ದೊಡ್ಡಿ, ಇನ್ನೊಂದು ಹುಲಿಯ ಗವಿ. ಮಧ್ಯೆ ಸುಮಾರು ಇಪ್ಪತ್ತು ಅಡಿ, ಅಂದರೆ ಹದಿನಾಲ್ಕು ಹೆಜ್ಜೆ, ಎರಡು ಆವರ್ತ. ಪುಣ್ಯಕೋಟಿ ಈ ದಾರಿಯಲ್ಲಿ ಮೂರು ಸಲ ನಡೆಯುತ್ತಾಳೆ.

ಮೊದಲನೆಯದು ಸಂಜೆ ಕಾಡಿನಿಂದ ಮನೆಗೆ ಬರುವ ನಡಿಗೆ. ಹುಲಿಯ ವಿಷಯ ಅವಳಿಗಿನ್ನೂ ಗೊತ್ತಿಲ್ಲ. ಕೆಚ್ಚಲು ತುಂಬಿದೆ, ಕರುವಿನ ನೆನಪಿದೆ, ದಾರಿ ಅಭ್ಯಾಸವಾದದ್ದು. ಈ ನಡಿಗೆ ದಾರಿಯ ಮಧ್ಯದಲ್ಲೇ ನಿಲ್ಲುತ್ತೆ. ಹದಿನಾಲ್ಕು ಹೆಜ್ಜೆ ಪೂರ್ತಿ ಆಗೋಕೆ ಹುಲಿ ಬಿಡೋದಿಲ್ಲ.

ಎರಡನೆಯದು ಮಾತು ಕೊಟ್ಟು ಕರುವಿನ ಹತ್ತಿರ ಹೋಗುವ ನಡಿಗೆ. ಕಾಲ ಬದಲಾಗಿದೆ: ಆತುರ. ಬಲವೂ ಬದಲಾಗಿದೆ: ಹೊತ್ತ ಮಾತಿನ ಭಾರ ಇದೆ. ಬೇಗ ಹೋಗಬೇಕು, ಆದರೆ ಬೇಗ ತಲುಪಿದಷ್ಟೂ ಬೇಗ ಹೊರಡಬೇಕು. ಈ ಎಳೆದಾಟ ಮೈಯಲ್ಲಿ ಎಲ್ಲಿ ಕೂರುತ್ತೆ? ಕಾಲು ಮುಂದೆ, ಎದೆ ಹಿಂದೆ ಮಾಡಿ ನೋಡಿ.

ಮೂರನೆಯದು ಕರುವನ್ನು ಒಡಹುಟ್ಟುಗಳಿಗೆ ಒಪ್ಪಿಸಿ ಗವಿಗೆ ಹಿಂದಿರುಗುವ ನಡಿಗೆ. ತಲೆ ಬಗ್ಗಿಸಿ, ಭುಜ ಇಳಿಬಿಟ್ಟು, ಕಾಲು ಎಳೆದುಕೊಂಡು ಹೋಗಬೇಕು ಅಂತ ಥಟ್ಟನೆ ಅನ್ನಿಸಬಹುದು, ಯಾಕೆಂದರೆ ಅದು ದುಃಖದ ದೃಶ್ಯ. ಪಠ್ಯಕ್ಕೆ ಹಿಂದಿರುಗಿ ನೋಡಿ. ಅವಳನ್ನು ಯಾರಾದರೂ ಎಳೆದುಕೊಂಡು ಹೋಗುತ್ತಿದ್ದಾರಾ? ಇಲ್ಲ. ತಡೆಯುವವರು ಇದ್ದಾರೆ, ದೂಡುವವರು ಯಾರೂ ಇಲ್ಲ. ಕಾಲೆಳೆದರೆ ಯಾರೋ ಕರೆದೊಯ್ದಂತೆ ಕಾಣುತ್ತೆ, ಕತೆಯೇ ಬದಲಾಗುತ್ತೆ. ಇಲ್ಲಿ ಬೇಕಿರೋದು ಮೂರನೇ ಅಂಕಿ: ಗಟ್ಟಿ, ನಿಧಾನ, ನೇರ. ಬೆನ್ನು ನೆಟ್ಟಗೆ. ಒಂದೊಂದು ಹೆಜ್ಜೆಯನ್ನೂ ಅವಳೇ ಇಡುತ್ತಾಳೆ. ಎರಡನೇ ಸಂಜೆಯ ಜಗಳಕ್ಕೆ ನಮ್ಮ ಉತ್ತರ ಇದು. ಅವಳಿಗೆ ಒಂದೇ ಅಂಕಿ ಇಲ್ಲ. ಮೊದಲ ನಡಿಗೆಯ 7 ಮೂರನೇ ನಡಿಗೆಯ ಹೊತ್ತಿಗೆ 3 ಆಗುತ್ತೆ. ದಿಕ್ಕು ಅದೇ, ಕಾಲ ಅದೇ, ಬಲ ಮಾತ್ರ ಬದಲು. ಒಂದೇ ಬಿಟ್ ವ್ಯತ್ಯಾಸ.

ಇನ್ನೊಂದು ಸೂಚನೆ: ಮೂರನೇ ನಡಿಗೆಯಲ್ಲಿ ವೇದಿಕೆಯ ಒಂದು ಪಕ್ಕ ಪೂರ್ತಿ ಖಾಲಿ ಬಿಡಿ. ತಪ್ಪಿಸಿಕೊಳ್ಳೋಕೆ ದಾರಿ ಇತ್ತು ಅನ್ನೋದು ನೋಡುಗರಿಗೆ ಕಣ್ಣಾರೆ ಕಾಣಬೇಕು. ಏಳನೇ ಹೆಜ್ಜೆಯಲ್ಲಿ ಅವಳು ನಿಂತು ಒಮ್ಮೆ ಆ ಕಡೆ ನೋಡಲಿ. ಆಮೇಲೆ ಎಂಟನೇ ಹೆಜ್ಜೆ ಗವಿಯ ಕಡೆಗೇ.

ಈ ಮೂರು ನಡಿಗೆಯನ್ನು ಗುಂಪಿನ ಪ್ರತಿಯೊಬ್ಬರೂ ಮಾಡಬೇಕು, ಹುಲಿ ಪಾತ್ರದವರೂ. ಸಂಗೀತ ಇಲ್ಲದೇ, ಮುಖದಲ್ಲಿ ಅಭಿನಯ ಇಲ್ಲದೇ. ನೃತ್ಯ ಕಲಿತವರಿಗೂ ಕಲಿಯದವರಿಗೂ ಇಲ್ಲಿ ಅಂತರ ತೀರಾ ಕಡಿಮೆ. ನಡೆಯೋಕೆ ಎಲ್ಲರಿಗೂ ಬರುತ್ತೆ.

ಐದನೇ ಸಂಜೆ: ಜೋಡಣೆ

ಮೂರನೇ ನಡಿಗೆಯಿಂದ ಒಂದು ಪುಟ್ಟ ತುಣುಕು ಆರಿಸೋಣ: ನಿಲ್ಲು, ತಿರುಗಿ ನೋಡು, ಭಾರ ಕೆಳಗಿಳಿಸು, ಹೆಜ್ಜೆ ಇಡು. ಇದೇ ನಮ್ಮ ನೃತ್ಯದ ಬೀಜ. ಇದನ್ನು ಬೆಳೆಸುವ ಸುಲಭ ದಾರಿಗಳು ಇವು. ಅದನ್ನೇ ಚಿಕ್ಕದಾಗಿ, ಬರೀ ಕತ್ತಿನಲ್ಲಿ ಮಾಡೋದು. ದೊಡ್ಡದಾಗಿ, ಇಡೀ ಮೈಯಲ್ಲಿ ಮಾಡೋದು. ಹಿಂದುಮುಂದಾಗಿ ಮಾಡೋದು. ಎಲ್ಲರೂ ಒಟ್ಟಿಗೆ ಮಾಡೋದು. ಒಬ್ಬರಾದ ಮೇಲೆ ಒಬ್ಬರು ಎರಡು ಮಾತ್ರೆ ತಡವಾಗಿ ಶುರುಮಾಡೋದು. ಗೊಲ್ಲ ಕರೆದಾಗ ಹಸುಗಳ ಹಿಂಡು ಬರುವ ದೃಶ್ಯಕ್ಕೆ ಈ ಕೊನೆಯದು ತುಂಬಾ ಹೊಂದುತ್ತೆ, ಅಲೆಯ ಹಾಗೆ ಬರ್ತಾರೆ. ಹಿಂಡಿನ ದಾರಿಯನ್ನು ಚುಕ್ಕಿ ರಂಗೋಲಿಯ ಗೆರೆಯಂತೆ ಕಾಗದದ ಮೇಲೆ ಮೊದಲೇ ಬರೆದುಕೊಂಡರೆ ಯಾರೂ ಡಿಕ್ಕಿ ಹೊಡೆಯಲ್ಲ.

ಪದಕ್ಕೊಂದು ಸನ್ನೆ ಮಾಡೋದು ಬೇಡ. ಹಾಡಿನಲ್ಲಿ ಬೆಟ್ಟ ಬಂದಾಗ ಕೈಯಲ್ಲಿ ಬೆಟ್ಟ, ಹಾಲು ಬಂದಾಗ ಲೋಟ ತೋರಿಸಿದರೆ ಕಿವಿ ಕೇಳಿದ್ದನ್ನೇ ಕಣ್ಣಿಗೆ ಮತ್ತೊಮ್ಮೆ ಹೇಳಿದಂತಾಗುತ್ತೆ. ಹಾಡು ಹೇಳದೇ ಬಿಟ್ಟದ್ದನ್ನು ಮೈ ಹೇಳಲಿ.

ಕೊನೆಯ ದೃಶ್ಯ ಎಲ್ಲಕ್ಕಿಂತ ಕಷ್ಟದ್ದು. ಹುಲಿ ಪ್ರಾಣ ಬಿಡುತ್ತೆ. ಅಲ್ಲಿ ದೊಡ್ಡ ಜಿಗಿತ, ಡೋಲಿನ ಅಬ್ಬರ ಇಟ್ಟರೆ ಹುಲಿಯ ಸಾಹಸವೇ ಕತೆಯ ತುದಿಯಾಗುತ್ತೆ. ನಮ್ಮ ಸಲಹೆ ಬೇರೆ. ಹುಲಿ ಪಾತ್ರದವರು ಪುಣ್ಯಕೋಟಿಯ ಆ ತುಣುಕನ್ನೇ ತೆಗೆದುಕೊಳ್ಳಲಿ: ನಿಲ್ಲು, ತಿರುಗಿ ನೋಡು, ಭಾರ ಕೆಳಗಿಳಿಸು. ನಾಲ್ಕನೆಯದು, ಹೆಜ್ಜೆ, ಬರೋದೇ ಇಲ್ಲ. ಆ ಜಾಗದಲ್ಲಿ ಒಂದು ಪೂರ್ತಿ ಆವರ್ತ, ಏಳು ಮಾತ್ರೆ, ವೇದಿಕೆ ಮೇಲೆ ಯಾರೂ ಅಲುಗಾಡಬಾರದು. ಗುದ್ದು, ಬೀಸು ಬಿಟ್ಟು ಬೇರೇನೂ ಗೊತ್ತಿಲ್ಲದ ಮೈ ಹಸುವಿನ ಚಲನೆಯನ್ನು ಕಲಿತಿದ್ದು ಅಲ್ಲಿ ಕಾಣುತ್ತೆ.

ಪರೀಕ್ಷೆ ಮಾಡೋದು ಹೇಗೆ?

ಗೋವಿನ ಹಾಡು ಅಂತ ಹೇಳದೇ, ಹೊರಗಿನ ಇಬ್ಬರು ಮೂವರು ಗೆಳೆಯರನ್ನು ಕೂರಿಸಿ, ಸಂಗೀತ ಇಲ್ಲದೇ ತೋರಿಸಿ. "ಚೆನ್ನಾಗಿದೆ", "ಸೂಪರ್" ಅನ್ನೋದಕ್ಕೆ ಅವಕಾಶ ಇಲ್ಲ. ಅವರು ಕಂಡ ಕ್ರಿಯಾಪದಗಳನ್ನು ಮಾತ್ರ ಚೀಟಿಯಲ್ಲಿ ಬರೆಯಬೇಕು. ಆ ಚೀಟಿಯನ್ನು ನಮ್ಮ ಮೊದಲ ಸಂಜೆಯ ಪಟ್ಟಿ ಜೊತೆ ಹೋಲಿಸೋಣ. ಪ್ರೋಗ್ರಾಂ ಬರೆದವರು ಔಟ್‌ಪುಟ್ ನೋಡುವ ಹಾಗೆ. ನಾವು "ಹಿಂದಿರುಗು" ಅಂತ ಇಟ್ಟದ್ದು ಅವರ ಚೀಟಿಯಲ್ಲಿ "ಸೋಲು" ಅಂತ ಬಂದರೆ ಮೂರನೇ ನಡಿಗೆಯ ಬೆನ್ನು ಇನ್ನೂ ಬಗ್ಗಿದೆ ಅಂತ ಅರ್ಥ. ತಿದ್ದಿ ಮತ್ತೆ ತೋರಿಸಿ. ಹಾಡು, ಬಟ್ಟೆ, ಬೆಳಕು ಇದಾದ ಮೇಲೆ ಸೇರಿದರೆ ಸಾಕು.

ಇದೇ ಕ್ರಮವನ್ನು ಬೇರೆ ಪಠ್ಯಗಳಿಗೂ ಹಚ್ಚಬಹುದು. ಒಂದು ಕತೆ, ಒಂದು ವಚನ, ಅಜ್ಜಿ ಹೇಳಿದ ಒಂದು ಪ್ರಸಂಗ, ಯಾವುದಾದರೂ ಸರಿ. ಕ್ರಿಯಾಪದ ಹುಡುಕಿ, ಬಲ, ಕಾಲ, ದಿಕ್ಕು ನಿರ್ಧರಿಸಿ, ಒಂದು ಕ್ಷಣವನ್ನು ಕಲ್ಲಿನ ಹಾಗೆ ಹಿಡಿದು, ಒಂದು ಬೀಜ ಆರಿಸಿ ಬೆಳೆಸಿ. ಈ ನವೆಂಬರ್‌ನಲ್ಲಿ "ಡ್ಯಾನ್ಸ್ ಬರೋರು ಯಾರು?" ಅಂತ ಕೇಳೋ ಬದಲು "ಈ ಪದ್ಯ ಓದೋಕೆ ಯಾರು ಬರ್ತೀರ?" ಅಂತ ಕೇಳಿ ನೋಡೋಣ. ಕುರ್ಚಿ ಜೋಡಿಸೋಕೆ ಹೋಗುತ್ತಿದ್ದ ಗೆಳೆಯರನ್ನು ಮೊದಲು ಕರೆಯಿರಿ. ಕುರ್ಚಿಗಳನ್ನು ಆಮೇಲೆ ಎಲ್ಲರೂ ಸೇರಿ ಜೋಡಿಸೋಣ.